ಆರು ಸಾಲು ರಾಗಿ, ಒಂದು ಸಾಲು ಹೂವು

“ನಿಮ್ ಹೊಲದಲ್ಲಿ ರಾಗಿನೇ ಇಲ್ವಲ್ಲ ಅಜ್ಜಿ,” ಅಂದಳು ರಾಗಿ ಖರೀದಿ ಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿ.

ಬೆಂಬಲ ಬೆಲೆಗೆ ಸರ್ಕಾರ ರಾಗಿ ಕೊಳ್ಳುತ್ತದೆ, ಅದಕ್ಕೆ ಮೊದಲು ಹೆಸರು ಬರೆಸಬೇಕು ಎಂದು ಬೆಳಗ್ಗೆಯೇ ಹೋಗಿ ಸಾಲಿನಲ್ಲಿ ನಿಂತಿದ್ದೆ. ಕೈಯಲ್ಲಿ ಪಹಣಿ, ಆಧಾರ್ ಕಾರ್ಡು, ಬ್ಯಾಂಕಿನ ಪುಸ್ತಕ. ಕಾಳು ತೋರಿಸಿ ಅಂದರೆ ಇರಲಿ ಎಂದು ಸೆರಗಿನ ತುದಿಯಲ್ಲಿ ಒಂದು ಹಿಡಿ ರಾಗಿ ಗಂಟು ಕಟ್ಟಿಕೊಂಡಿದ್ದೆ. ಆ ಗಂಟು ಬಿಚ್ಚಿ ಅವಳ ಕೀಬೋರ್ಡಿನ ಪಕ್ಕ ಸುರಿದೆ.

“ಮತ್ತಿದೇನವ್ವ, ಮರಳಾ?”

“ಅಯ್ಯೋ ಅಜ್ಜಿ, ಸಂದಿಗೆ ಹೋಯ್ತದೆ, ತಗೀರಿ! ನಾನೇನ್ ಮಾಡ್ಲಿ? ಬೆಳೆ ಸಮೀಕ್ಷೇಲಿ ನಿಮ್ ಸರ್ವೆ ನಂಬರಿಗೆ ಹುಚ್ಚೆಳ್ಳು ಅಂತ ಬಂದೈತೆ. ರಾಗಿ ಅಂತ ಇದ್ರೆ ಮಾತ್ರ ಇದು ಮುಂದಕ್ಕೆ ಹೋಗೋದು. ನೋಡಿ, ಫೋಟೋನೂ ಐತೆ.”

ಅವಳು ಪರದೆ ನನ್ನ ಕಡೆ ತಿರುಗಿಸಿದಳು. ಫೋಟೋದಲ್ಲಿ ನಾನೇ ಇದ್ದೆ. ಹಬ್ಬದ ಹಸಿರು ಸೀರೆ ಉಟ್ಟು, ಸೊಂಟದ ಮಟ್ಟ ಬೆಳೆದ ಹಳದಿ ಹೂವಿನ ನಡುವೆ, ಮದುವೆ ಹೆಣ್ಣಿನ ಹಾಗೆ ತಲೆ ಓರೆ ಮಾಡಿಕೊಂಡು ನಗುತ್ತ ನಿಂತಿದ್ದೆ. ನನ್ನ ಹಿಂದೆ ಸಾಲಿನಲ್ಲಿದ್ದ ಗಂಡಸರು ಇಣುಕಿ ನೋಡಿ ಕಿಸಕ್ಕೆಂದರು. ನನ್ನ ಮೈ ಉರಿದುಹೋಯಿತು. ಊರಲ್ಲಿ ಇನ್ನೊಬ್ಬರನ್ನು ಗೇಲಿ ಮಾಡುವ ಕೆಲಸ ನನ್ನದು. ಅವತ್ತು ಮಾತ್ರ ನಾನೇ ಗೇಲಿಗೆ ಸಿಕ್ಕಿದ್ದೆ.

ಆ ರಾಗಿಯ ಮೇಲೆ ನಮ್ಮ ಮನೆಯ ಒಂದು ದೊಡ್ಡ ಮಾತು ನಿಂತಿತ್ತು.

ನಮ್ಮದು ಬೆಟ್ಟದಪುರದ ಬೆಟ್ಟ ಕಾಣುವ ಹಳ್ಳಿ. ಈ ಕಡೆಯೆಲ್ಲ ಹೊಗೆಸೊಪ್ಪು. ಮನೆಗೊಂದು ಬ್ಯಾರನ್ ಇದೆ, ಸೊಪ್ಪು ಹದ ಮಾಡುವ ಎತ್ತರದ ಗೋಡೆಯ ಕೋಣೆ. ಹೊರಗಿನ ಒಲೆಗೆ ಸೌದೆ ಹಾಕಿದರೆ ತಗಡಿನ ಕೊಳವೆಗಳು ಒಳಗೆಲ್ಲ ಬಿಸಿ ಹರಡುತ್ತವೆ. ಒಲೆ ಉರಿಸುವುದು ಗಂಡಸರು. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುವುದು ಹೆಂಗಸರು. ನನಗೆ ಅದು ಒಗ್ಗಿಹೋಗಿತ್ತು, ನನ್ನ ಸೊಸೆಗೆ ಒಗ್ಗಲಿಲ್ಲ. ಮಂಜಿನಲ್ಲಿ ನೆನೆದ ಸೊಪ್ಪು ಮುಟ್ಟಿದ ದಿನ ಅವಳಿಗೆ ತಲೆ ಸುತ್ತು, ವಾಂತಿ. ಸೊಪ್ಪಿನ ಕಾಲ ಮುಗಿಯುವ ತನಕ ಬೆರಳಿನ ಅಂಟು ಹೋಗದೆ, ಅನ್ನ ಕಲಸಲು ಹೇಸಿ, ಚಮಚದಲ್ಲಿ ಉಣ್ಣುತ್ತಿದ್ದಳು. ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ನಾನು ನೋಡುತ್ತಿದ್ದೆ.

ಹಿಂದಿನ ಬೇಸಿಗೆಯಲ್ಲಿ ಕೃಷಿ ಇಲಾಖೆಯವರು ನಮ್ಮ ಊರಿನ ಶಾಲೆಯಲ್ಲಿ ಸಭೆ ಕರೆದರು. ಸರ್ಕಾರದ ನೀತಿ ಬದಲಾಗುತ್ತಿದೆ, ಹೊಗೆಸೊಪ್ಪು ಕಮ್ಮಿ ಮಾಡಿ, ರಾಗಿ, ಬೇಳೆಕಾಳು ಬೆಳೆಯಿರಿ, ಹಳ್ಳಿ ಉಳಿಯಬೇಕಾದರೆ ಇದೇ ದಾರಿ ಎಂದರು. ಗೋಡೆಗೆ ಬಿಳಿ ಪರದೆ ಕಟ್ಟಿ ಮಿಶ್ರ ಬೆಳೆಯ ಚಿತ್ರ ತೋರಿಸಿದರು. ನೋಡಿದರೆ ನಮ್ಮ ಅಕ್ಕಡಿ ಸಾಲು! ಕೂರಿಗೆಯಲ್ಲಿ ಆರು ಸಾಲು ರಾಗಿ ಬಿತ್ತಿ, ಏಳನೆಯ ಸಾಲಿಗೆ ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಬೆರೆಸಿ ಹಾಕುವುದು. ನನ್ನ ಅತ್ತೆ ಬಿದಿರ ಕೊಳವೆ ಹಿಡಿದು ಕೂರಿಗೆಯ ಹಿಂದೆ ನಡೆಯುತ್ತಿದ್ದದ್ದನ್ನು ಇವರು ಇಂಗ್ಲಿಷ್ ಹೆಸರಿಟ್ಟು ಪರದೆಯ ಮೇಲೆ ತಂದಿದ್ದರು.

“ಸಾರ್, ಇದನ್ನ ಯಾರ್ ಕಂಡುಹಿಡಿದ್ರು?” ಎಂದು ಕೇಳಿದೆ. ಹೆಂಗಸರೆಲ್ಲ ನಕ್ಕರು. ಆದರೂ ಮನಸ್ಸಿಗೆ ಹಿಡಿಸಿತು. ನಮ್ಮ ಸಂಘದ ಆರು ಹೆಂಗಸರು ನನ್ನ ಮುಖ ನೋಡಿದರು. ನಾನು ಎದ್ದು, “ನಾವ್ ಏಳು ಮನೆಯೋರು ಈ ವರ್ಷ ಸೊಪ್ಪು ಆಕಲ್ಲ,” ಅಂದುಬಿಟ್ಟೆ.

ಮನೆಯಲ್ಲಿ ಮಗ ಮೂರು ದಿನ ಮುಖ ಊದಿಸಿಕೊಂಡಿದ್ದ. ಕೊನೆಗೆ, “ಒಂದೇ ವರ್ಸ ಕಣವ್ವ. ಸರ್ಕಾರದೋರು ರಾಗಿ ತಗಂಡ್ರೆ ಬ್ಯಾರನ್‌ಗೆ ಬೆಂಕಿ ಆಕಲ್ಲ. ತಗಳ್ನಿಲ್ವಾ, ಶಿವರಾತ್ರಿ ಒತ್ಗೆ ಸೊಪ್ಪಿನ ಸಸಿ ಮಡಿ ಮಾಡ್ತೀನಿ. ಆಮೇಲೆ ನೀನೂ ಮಾತಾಡ್ಬ್ಯಾಡ, ಅವ್ಳೂ ಮಾತಾಡ್ಬ್ಯಾಡ,” ಅಂದ. ಸೊಸೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು.

ರಾಗಿ ಚೆನ್ನಾಗಿ ಬಂತು. ತೆನೆ ಬಾಗುವ ಹೊತ್ತಿಗೆ ಹುಚ್ಚೆಳ್ಳು ಹೂಬಿಟ್ಟು ಹೊಲಕ್ಕೆ ಜರಿ ಅಂಚು ಹಾಕಿದಂತೆ ಕಾಣುತ್ತಿತ್ತು. ಆಗ ಬೆಳೆ ಸಮೀಕ್ಷೆಯವನು ಬಂದ. ಸಂಸಾರಸ್ಥ, ಪಕ್ಕದ ಊರಿನವನು. ಬೈಕಿನಲ್ಲಿ ಊರೂರು ಸುತ್ತಿ, ಒಂದೊಂದು ಹೊಲದಲ್ಲೂ ನಿಂತು ಫೋನಿನಲ್ಲಿ ಫೋಟೋ ತೆಗೆದು ಬೆಳೆ ನಮೂದಿಸುವುದು ಅವನ ಕೆಲಸ. ಅವನು ಬದುವಿನ ಮೇಲಿಂದಲೇ ಫೋನ್ ಎತ್ತಿದ. ನಾನು, “ತಡಿಯಪ್ಪ, ಫೋಟೋ ಸರ್ಕಾರಕ್ಕೆ ಓಯ್ತದೆ ಅಂತೀಯ, ಚೆಂದಾಗಿ ತಗಿ,” ಎಂದು ಮನೆಗೆ ಓಡಿ, ಸೀರೆ ಬದಲಿಸಿ ಬಂದು ಹೂವಿನ ಸಾಲಿನಲ್ಲಿ ನಿಂತೆ. ಅಷ್ಟಕ್ಕೇ ಬಿಡಲಿಲ್ಲ. ಉಳಿದ ಆರು ಜನರನ್ನೂ ಕೂಗಿ, “ಊವಿನ್ ತಾವ ನಿಂತ್ಕೊಳ್ರಮ್ಮಿ, ಅಲ್ಲಿ ಬೆಳಕು ಚೆನ್ನಾಗೈತೆ,” ಎಂದೆ. ಎಲ್ಲರೂ ಅವರವರ ಹೊಲದಲ್ಲಿ ಒಳ್ಳೆಯ ಸೀರೆ ಉಟ್ಟು ಹೂವಿನ ಸಾಲಿನಲ್ಲೇ ನಿಂತರು.

ಹಾಗಾಗಿ ಏಳು ಹೊಲಕ್ಕೂ ಹುಚ್ಚೆಳ್ಳು ಎಂದೇ ಬಂದಿತ್ತು. ಖರೀದಿ ಕೇಂದ್ರದಲ್ಲಿ ಇದು ಗೊತ್ತಾದಾಗ ಸರ್ಕಾರವನ್ನು ಬಾಯಿಗೆ ಬಂದಂತೆ ಬೈದೆ. ಆ ಫೋಟೋದ ಉಪಾಯ ಯಾರದು ಎಂಬುದನ್ನು ಮಾತ್ರ ಯಾರಿಗೂ ನೆನಪಿಸಲಿಲ್ಲ.

ಮಾರನೆಯ ದಿನ ರೈತ ಸಂಪರ್ಕ ಕೇಂದ್ರಕ್ಕೆ ಹೋದೆ. ಅಲ್ಲಿಯವರು, ಇದು ಕಂದಾಯದವರ ಕೆಲಸ, ತಾಲ್ಲೂಕು ಕಚೇರಿಗೆ ಹೋಗಿ ಎಂದರು. ತಾಲ್ಲೂಕು ಕಚೇರಿಯ ಗುಮಾಸ್ತರು, ಬೆಳೆ ವಿಷಯ ಕೃಷಿಯವರದು ಎಂದರು. ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ.

“ನಾ ಏಳಕ್ಕಿಲ್ಲ ಸಾರ್. ನೀವಿಬ್ರೂ ಫೋನಲ್ ಮಾತಾಡ್ಕಂಡು ಯಾರ್ ಕೆಲ್ಸ ಅಂತ ಗೊತ್ಮಾಡ್ಕಳಿ. ಅಲ್ಲೀಗಂಟ ಕಾಲು ಚಾಚ್ಕಂಡಿರ್ತೀನಿ.”

ಅವರು ಕಂಪ್ಯೂಟರ್ ನೋಡಿ, “ಆಕ್ಷೇಪಣೆ ಹಾಕೋ ಅವಧಿ ಮುಗಿದೋಗಿದೆ ಅಜ್ಜಿ. ಬೆಳೆ ನಿಂತಿದ್ದಾಗ ತೆಗೆದ ಫೋಟೋ ಇದ್ರೆ ತನ್ನಿ, ನೋಡೋಣ,” ಎಂದರು.

“ಕೊಯ್ದು, ಮೆದೆ ಆಕಿ, ಬಡಿದು, ಮೂಟೆ ಕಟ್ಟಿವ್ನಿ. ನಿಂತಿರೋ ಬೆಳೆ ಎಲ್ಲಿಂದ ತರ್ಲಿ? ಅವಧಿ ಐತೆ ಅಂತ ಯಾರ್ ನಮಗೇಳಿದ್ರು?”

“ನಿಮ್ಮ ಮೊಬೈಲಿಗೆ ಮೆಸೇಜ್ ಬಂದಿತ್ತಲ್ಲ.”

ಬಂದಿತ್ತು. ಮನೆಗೆ ಬಂದು ಮೊಮ್ಮಗಳ ಕೈಲಿ ಹುಡುಕಿಸಿದೆ. ರೀಚಾರ್ಜು, ಲಾಟರಿ, ಸೀರೆ ಅಂಗಡಿಯ ಮೆಸೇಜುಗಳ ನಡುವೆ ಅದೂ ಬಿದ್ದಿತ್ತು: ನಿಮ್ಮ ಬೆಳೆ ವಿವರ ಸರಿಯಿಲ್ಲದಿದ್ದರೆ ಆಕ್ಷೇಪಣೆ ಸಲ್ಲಿಸಿ. ನನಗೆ ಆಗ ಫೋನ್ ಅಂದರೆ ಹಸಿರು ಗುಂಡಿ ಒತ್ತಿ ‘ಹಲೋ’ ಅನ್ನುವುದಷ್ಟೇ ಗೊತ್ತಿತ್ತು. ಎದುರು ಬಂದು ಹೇಳದೆ, ತೆರೆಯಲು ಬಾರದ ಡಬ್ಬಿಯೊಳಗೆ ಚೀಟಿ ಎಸೆದು ಹೋಗಿ, ಆಮೇಲೆ ‘ಹೇಳಿದ್ದೆವಲ್ಲ’ ಎನ್ನುವವರ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆ ಸಿಟ್ಟಿನಲ್ಲೇ ಮೊಮ್ಮಗಳನ್ನು ಕೂರಿಸಿಕೊಂಡು ಕನ್ನಡ ಟೈಪು ಕಲಿಯಲು ಶುರುಮಾಡಿದೆ. ಒಂದೇ ಬೆರಳು. ಒತ್ತಕ್ಷರ ಬಂದಾಗಲೆಲ್ಲ ಬೈಗುಳ.

ಅಷ್ಟರಲ್ಲಿ ದಲ್ಲಾಳಿ ಬಂದ. ಮಗನ ಸ್ನೇಹಿತ. ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತ ಹೇಳಿದ:

“ಯಾಕಜ್ಜಿ ಸುಮ್ನೆ ಅಲೀತೀರಿ? ನಿಮ್ ರಾಗೀನ ನಮ್ಮೋರೊಬ್ಬರ ಪಹಣಿ ಮೇಲೆ ಕಳಿಸ್ತೀನಿ ಬುಡಿ. ಅವ್ರ ಒಲಕ್ಕೆ ಸಮೀಕ್ಷೇಲಿ ರಾಗಿ ಅಂತ ಬಂದೈತೆ.”

“ಅವ್ರು ರಾಗಿ ಬೆಳೆದವ್ರಾ?”

“ಎಲ್ಲಿ ಬಂತು? ಸೊಪ್ಪು ಆಕಿದ್ರು. ಕಾಗದದ್ ಮೇಲೆ ರಾಗಿ ಐತೆ, ನಿಮ್ಮನೇಲಿ ಕಾಳೈತೆ. ಎರಡನ್ನೂ ಸೇರಿಸ್ಬುಟ್ರೆ ಎಲ್ಲಾರ್ಗೂ ಒಳ್ಳೇದು.”

ಬೆಳೆದವಳ ಹೊಲದಲ್ಲಿ ರಾಗಿ ಇಲ್ಲ, ಬೆಳೆಯದವನ ಹೊಲದಲ್ಲಿ ಇದೆ! ಮಗ ಮಾತ್ರ ತಲೆ ಅಲ್ಲಾಡಿಸುತ್ತಿದ್ದ.

“ಒಪ್ಕಳವ್ವ. ಎಂಗೋ ರಾಗಿ ಓದ್ರೆ ಸಾಕು. ಬ್ಯಾರನ್‌ಗೆ ಬೆಂಕಿ ಆಕಲ್ಲ ಅಂದಿವ್ನಲ್ಲ, ಆ ಮಾತಿಗೆ ನಿಂತ್ಕತೀನಿ.”

ಒಂದು ಗಳಿಗೆ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ. ಸೊಸೆಯ ಕೈ ಕಣ್ಣ ಮುಂದೆ ಬಂತು. ಆದರೆ ಹಾಗೆ ಮಾಡಿದರೆ ಏಳು ಹೆಂಗಸರು ಒಂದು ವರ್ಷ ಗೇದದ್ದು ಯಾವ ಲೆಕ್ಕಕ್ಕೂ ಇರುವುದಿಲ್ಲ. ಮುಂದಿನ ವರ್ಷ ಅದೇ ಅಧಿಕಾರಿಗಳು ಅದೇ ಪರದೆ ಕಟ್ಟಿ, ‘ನಿಮ್ಮೂರಲ್ಲಿ ಯಾರೂ ರಾಗಿ ಬೆಳೆಯಲೇ ಇಲ್ಲ’ ಅನ್ನುತ್ತಾರೆ. ಸೊಪ್ಪಿನವನು ರಾಗಿಯ ರೈತನಾಗಿ ಮೆರೆಯುತ್ತಾನೆ.

“ಕಾಫಿ ಕುಡಿದಾಯ್ತಲ್ಲಪ್ಪ, ಎದ್ದೋಗು,” ಎಂದೆ.

ಅವನು ಹೋದ ಮೇಲೆ ಮಗನಿಗೂ ನನಗೂ ಮಾತು ಬೆಳೆಯಿತು. “ನಿಂಗೆ ನಿನ್ ಅಟಾನೇ ದೊಡ್ಡದು,” ಅಂದ ಅವನು. “ನೀನು ಆ ದಲ್ಲಾಳಿ ಮನೇಲೇ ಉಣ್ಣೋಗ್ಲಾ,” ಅಂದೆ ನಾನು. ಅವತ್ತಿನಿಂದ ಇಬ್ಬರಿಗೂ ಮಾತು ನಿಂತಿತು. ನಮ್ಮ ಮನೆಯಲ್ಲಿ ಇದು ಹೊಸದಲ್ಲ. ಮುನಿಸು ಬಂದರೆ ಸೊಸೆಯ ಮೂಲಕವೇ ‘ಉಪ್ಪು ಕೊಡು ಅನ್ನು’ ಎಂದು ದಾಟಿಸುವುದು. ಆದರೆ ಸೊಸೆಯ ತಾಯಿಗೆ ಹುಷಾರಿಲ್ಲ ಎಂದು ಅವಳು ಅದೇ ವಾರ ಮಗಳನ್ನೂ ಕರೆದುಕೊಂಡು ಭೇರ್ಯದ ಕಡೆಯ ತವರಿಗೆ ಹೋದಳು. ಮನೆಯಲ್ಲಿ ಮಾತು ದಾಟಿಸುವವರೇ ಇಲ್ಲವಾದರು.

ನಾನು ಎರಡು ದಿನ ಕೂತು ಅರ್ಜಿ ಟೈಪು ಮಾಡಿದೆ. ಏಳು ಸರ್ವೆ ನಂಬರು, ಏಳು ಹೆಸರು. ಜೆರಾಕ್ಸ್ ಅಂಗಡಿಯಲ್ಲಿ ಕಾಗದಕ್ಕೆ ಇಳಿಸಿ, ಹೋಬಳಿಯಲ್ಲಿ ನಡೆದ ಜನಸ್ಪಂದನ ಸಭೆಗೆ ಹೋದೆ. ಜೊತೆಗೆ ನನ್ನ ವಾರಗಿತ್ತಿ ಬಂದಳು. ಸಂಘದ ಆರು ಜನರಲ್ಲಿ ಅವಳೂ ಒಬ್ಬಳು. ಹೋಗುವ ದಾರಿಯಲ್ಲಿ ಅವಳ ಹೊಲಕ್ಕೆ ಇಳಿದು, ಕೊಯ್ದ ಮೇಲೆ ನೆಲದಲ್ಲಿ ಉಳಿದ ರಾಗಿಯ ಕೂಳೆ ಒಂದು ಬುಡ ಕಿತ್ತುಕೊಂಡೆ, ಒಣಗಿದ ಹುಚ್ಚೆಳ್ಳಿನ ಬುಡ ಇನ್ನೊಂದು. ಅಕ್ಕಡಿಯ ಅವರೆ ಇನ್ನೂ ಕಾಯಿ ಬಿಡುತ್ತಿದ್ದರಿಂದ ನಾವು ಯಾರೂ ಹೊಲ ಉತ್ತಿರಲಿಲ್ಲ. ರಾಗಿ ಕೊಯ್ದ ಕೂಳೆ ಹಾಗೇ ಇತ್ತು.

ಸಭೆಯಲ್ಲಿ ಅಧಿಕಾರಿಗಳ ಮೇಜಿಗೆ ನೀಲಿ ಬಟ್ಟೆ ಹೊದಿಸಿದ್ದರು. ನಾನು ಎರಡೂ ಬುಡಗಳನ್ನು ಮಣ್ಣಿನ ಸಮೇತ ಅದರ ಮೇಲಿಟ್ಟೆ.

“ಸ್ವಾಮಿ, ಇದ್ರಲ್ಲಿ ಉಚ್ಚೆಳ್ಳು ಯಾವ್ದು, ರಾಗಿ ಯಾವ್ದು? ಯೋಳಿದ್ರೆ ಮನೆಗೋಯ್ತೀನಿ.”

ಮೇಜಿನ ನಡುವೆ ಕೂತಿದ್ದವರು ಪಕ್ಕದವರ ಮುಖ ನೋಡಿದರು. ತುದಿಯಲ್ಲಿ ಕೂತಿದ್ದ ಕೃಷಿ ಅಧಿಕಾರಿ, ವಯಸ್ಸಿನಲ್ಲಿ ಚಿಕ್ಕವರು, ಹೆಂಗಸು, ಕೈಚಾಚಿ ಗೊಂಚಲು ಗೊಂಚಲಾದ ಬುಡ ಎತ್ತಿಕೊಂಡರು. “ಇದು ರಾಗಿ,” ಎಂದರು. “ಅಜ್ಜಿ, ಏಳೂ ಹೊಲದಲ್ಲಿ ಈ ಕೂಳೆ ಹಿಂಗೇ ಇದೆಯಾ?”

“ಸಾಲು ಎಣಿಸ್ಕಬೋದು ತಾಯಿ. ಆರು ರಾಗಿ, ಒಂದು ಅಕ್ಕಡಿ. ಎಲ್ ಬೇಕಾದ್ರೂ ನಿಂತ್ ಎಣಿಸಿ.”

“ಹಾಗಿದ್ರೆ ಮೂರನೇ ದಿನ ಬರ್ತೀವಿ. ಸ್ಥಳದಲ್ಲೇ ಮಹಜರು ಮಾಡಿ, ಫೋಟೋ ಸಮೇತ ಮೇಲಕ್ಕೆ ಕಳಿಸ್ತೀನಿ. ಅಲ್ಲೀತನಕ ಯಾರೂ ಉಳಬಾರದು, ಒಂದು ಕೂಳೇನೂ ಕೀಳಬಾರದು.”

ಬಸ್ಸಿಳಿದವಳೇ ಆರು ಮನೆಗೂ ಹೋಗಿ ಹೇಳಿದೆ. ದನ ಬಿಡಬೇಡಿ, ಉಳಬೇಡಿ, ಅವರೆಕಾಯಿ ಬಿಡಿಸಲು ಹೋದರೂ ಸಾಲು ತುಳಿಯಬೇಡಿ. ಮಾರನೆಯ ದಿನದಿಂದ ಒಬ್ಬೊಬ್ಬರ ಹೊಲಕ್ಕೂ ಹೋಗಿ, ಹತ್ತು ಹೆಜ್ಜೆಗೊಂದು ಗೂಟ ಹೊಡೆದು, ಹಗ್ಗ ಎಳೆದು, ಸಾಲು ಎಣಿಸಿ ನನ್ನ ಫೋನಿನಲ್ಲಿ ಬರೆದುಕೊಂಡೆ. ಆ ಎರಡು ದಿನ ನಾನು ನಮ್ಮ ಹೊಲದ ಕಡೆ ಹೋಗಲಿಲ್ಲ. ನಮ್ಮದು ಊರಾಚೆ, ಕೆರೆಯ ಮೇಲಿನ ದಿಣ್ಣೆ. ನನ್ನದೇ ತಾನೆ, ಕೊನೆಗೆ ತೋರಿಸಿದರಾಯಿತು ಅಂದುಕೊಂಡೆ.

ಮೂರನೆಯ ದಿನ ಅಧಿಕಾರಿ ಹೇಳಿದ ಹೊತ್ತಿಗೆ ಬಂದರು. ಗ್ರಾಮ ಲೆಕ್ಕಿಗರು ಬಂದರು. ಸಮೀಕ್ಷೆಯವನನ್ನೂ ಕರೆಸಿದ್ದರು. ಅವನು ಮುಖ ತಗ್ಗಿಸಿ ಬೈಕಿನ ಪಕ್ಕ ನಿಂತಿದ್ದ. ಮೊದಲ ಹೊಲದಲ್ಲೇ ಅಧಿಕಾರಿ ಅವನನ್ನು ಕೇಳಿದರು, “ಇಷ್ಟು ರಾಗಿ ಇದ್ದಾಗ ಹುಚ್ಚೆಳ್ಳು ಅಂತ ಯಾಕ್ರೀ ಹಾಕಿದ್ರಿ?”

“ಮೇಡಂ, ಫೋಟೋದಲ್ಲಿ ಹೂವೇ ಇತ್ತು. ಅದಕ್ಕೆ ತಾಳೆ ಆಗೋ ಹಂಗೆ ಹಾಕಿದೆ. ಅಜ್ಜಿನೇ ಎಲ್ಲಾರ್ನೂ ಅಲ್ಲಿ ನಿಲ್ಲಿಸಿದ್ದು.”

ಆರು ಹೆಂಗಸರೂ ನನ್ನ ಕಡೆ ತಿರುಗಿದರು. ವಾರಗಿತ್ತಿ ಸೊಂಟಕ್ಕೆ ಕೈಯಿಟ್ಟಳು.

“ಊ ಕಣಕ್ಕ! ನೀನೇ ಅಲ್ವಾ ಬೆಳಕು ಚೆನ್ನಾಗೈತೆ ಅಂದಿದ್ದು? ಇಷ್ಟ್ ದಿನ ಸರ್ಕಾರ ಸರ್ಕಾರ ಅಂತ ನಮ್ ತಲೆ ತಿಂದಲ್ಲ!”

“ನಾನೇ ಕಣೆ,” ಎಂದೆ. ಬೇರೆ ದಾರಿ ಇರಲಿಲ್ಲ. “ನಾ ನಿಂತಿದ್ದು ತಪ್ಪೇಯ. ಆದ್ರೆ ಊವಿನ ಇಂದೆ ತೆನೆ ತೂಗ್ತಿದ್ವಲ್ಲ. ಇವನು ಕಣ್ಣೆಲ್ ಮಡಗಿದ್ದ?”

ಅವನು ಫೋನ್ ತೆಗೆದು ತೋರಿಸಿದ. ಮಿಶ್ರ ಬೆಳೆ ಎಂಬ ಜಾಗ ಅದರಲ್ಲಿ ಇತ್ತು. ಅದನ್ನು ಒತ್ತಿದರೆ ಒಂದೊಂದು ಬೆಳೆಗೂ ಬೇರೆ ಫೋಟೋ, ಎಷ್ಟು ಪಾಲು ಎಂಬ ಲೆಕ್ಕ, ಮತ್ತೆ ಮತ್ತೆ ಒಪ್ಪಿಗೆ. ಒಂದೇ ಬೆಳೆ ಎಂದು ಹಾಕಿದರೆ ಒಂದೇ ಒತ್ತು. ಎರಡಕ್ಕೂ ಅವನಿಗೆ ಸಿಗುವ ಕೂಲಿ ಒಂದೇ. ಅಷ್ಟೂ ಹೊಲ ಮುಗಿಸಲು ಅವನಿಗೆ ಕೊಟ್ಟ ದಿನಗಳೂ ಕಡಿಮೆ. ನನ್ನ ಸಿಟ್ಟು ಅವನನ್ನು ದಾಟಿ ಮೇಲಕ್ಕೆ ಹೋಯಿತು. ಮಿಶ್ರ ಬೆಳೆ ಬೆಳೆಯಿರಿ ಎಂದು ಪರದೆ ಕಟ್ಟಿ ಹೇಳಿದವರೇ, ಅದನ್ನು ಬರೆದುಕೊಳ್ಳಲು ಮಾತ್ರ ಯಾರಿಗೂ ಪುರಸೊತ್ತಿಲ್ಲದ ಹಾಗೆ ಮಾಡಿದ್ದರು.

ಒಂದು, ಎರಡು, ಆರು ಹೊಲ ಮುಗಿದವು. ಹಗ್ಗ ಹಿಡಿದು ಎಣಿಸಿದರು, ಫೋಟೋ ತೆಗೆದರು, ಸಹಿ ಹಾಕಿಸಿದರು. ನಾನು ಬೀಗುತ್ತ ಮುಂದೆ ನಡೆದೆ. “ಬನ್ನಿ ತಾಯಿ, ಎಲ್ಲಕ್ಕಿಂತ ಚೆಂದದ್ದು ನಂದು.” ದಿಣ್ಣೆ ಹತ್ತಿದೆ.

ಹೊಲ ಕೆಂಪಗಿತ್ತು. ಈ ಬದುವಿನಿಂದ ಆ ಬದುವಿನವರೆಗೆ ಟ್ರ್ಯಾಕ್ಟರ್ ಹೊಡೆದ ಹೊಸ ಮಣ್ಣು. ಒಂದು ಕೂಳೆ ಇಲ್ಲ. ಅವರೆ ಗಿಡಗಳನ್ನು ಕಿತ್ತು ಮೂಲೆಯಲ್ಲಿ ಗುಡ್ಡೆ ಹಾಕಿದ್ದರು.

ಮಗ ಬದುವಿನ ಮೇಲೆ ಕೂತಿದ್ದ. ಇಷ್ಟು ಜನರನ್ನು ಕಂಡು ಎದ್ದು ನಿಂತ.

“ಯಾವಾಗ್ಲಾ ಹೊಡ್ಸಿದ್ದು?” ವಾರದ ಮೇಲೆ ಅವನಿಗೆ ನಾನಾಡಿದ ಮೊದಲ ಮಾತು ಅದು.

“ನಿನ್ನೆ. ಮೊನ್ನೆ ಒಂದು ಅದದ ಮಳೆ ಬಂತಲ್ಲ, ಟ್ರ್ಯಾಕ್ಟರೂ ಸಿಕ್ತು. ಮಾಗಿ ಉಳುಮೆ ಮಾಡ್ಸಿದೆ. ಯಾಕೆ?”

“ಯಾಕೆ ಅಂತೀಯಾ? ಉಳಬ್ಯಾಡಿ ಅಂತ ಊರಿಗೆಲ್ಲ ಸಾರಿವ್ನಲ್ಲೋ!”

“ಊರಿಗ್ ಸಾರಿದ್ದೆ. ನನಗೇಳಿದ್ಯಾ?”

ಹೇಳಿರಲಿಲ್ಲ.

ಅಧಿಕಾರಿ ಬಗ್ಗಿ ಒಂದು ಹೆಂಟೆ ಎತ್ತಿ ಒಡೆದು ನೋಡಿದರು. ಒಳಗೆ ರಾಗಿ ಬೇರಿನ ಎಳೆಗಳಿದ್ದವು. ನಾನು, “ಇದೋ ನೋಡಿ ತಾಯಿ, ಬೇರೈತೆ,” ಎಂದೆ. ಆರು ಹೆಂಗಸರೂ ಒಟ್ಟಿಗೆ ದನಿ ಎತ್ತಿದರು. “ನಾವು ಕಂಡಿದ್ದೀವಿ ಮೇಡಂ, ನಾವೇ ಕುಯ್ಲಿಗೆ ಬಂದಿದ್ವಿ, ಸಹಿ ಆಕ್ತೀವಿ.”

“ನಂಗೆ ನಂಬಿಕೆ ಇದೆ ಅಜ್ಜಿ,” ಎಂದರು ಅಧಿಕಾರಿ. “ಇವರ ಸಾಕ್ಷಿ ಬರ್ಕೊಂಡು ಕಳಿಸ್ತೀನಿ. ಆದ್ರೆ ಮೇಲಿನವರು ಫೋಟೋ ಕೇಳ್ತಾರೆ. ಫೋಟೋದಲ್ಲಿ ಬರೋದು ಬರೀ ಮಣ್ಣು.”

ಮಹಜರಿನಲ್ಲಿ ತಪ್ಪಿಗೆ ಕಾರಣ ಬರೆಯುವ ಕಡೆ ಅವರ ಪೆನ್ನು ನಿಂತಿತು. ಸಮೀಕ್ಷೆಯವನ ಬೇಜವಾಬ್ದಾರಿ ಎಂದು ಬರೆದರೆ ಅವನ ಕೆಲಸ ಹೋಗುತ್ತದೆ ಎಂದು ಗ್ರಾಮ ಲೆಕ್ಕಿಗರು ಗೊಣಗಿದರು. ಅವನು ನನ್ನನ್ನೇ ನೋಡುತ್ತಿದ್ದ.

“ಫೋಟೋದಲ್ಲಿ ಮುದುಕಿ ಅಡ್ಡ ನಿಂತಿತ್ತು ಅಂತ ಬರೀರಿ,” ಎಂದೆ. “ಮಿಶ್ರ ಬೆಳೆ ಬರ್ಕಳಕ್ಕೆ ಅವ್ನಿಗೆ ಟೈಮ್ ಕೊಟ್ಟಿರ್ನಿಲ್ಲ ಅನ್ನೋದ್ನೂ ಬರೀರಿ. ಎರಡನೇದನ್ನ ಬಿಟ್ರೆ ನಾನು ಸಹಿ ಆಕಲ್ಲ.” ಅವರು ಎರಡನ್ನೂ ಬರೆದರು. ನಾನು ಸಹಿ ಹಾಕಿದೆ.

ಹದಿನೈದು ದಿನದಲ್ಲಿ ಆರು ಮನೆಯ ದಾಖಲೆಯಲ್ಲೂ ರಾಗಿ ಎಂದು ಬಂತು. ಅವರ ಮೂಟೆಗಳು ಖರೀದಿ ಕೇಂದ್ರಕ್ಕೆ ಹೋದವು. ನನ್ನ ಸರ್ವೆ ನಂಬರ್ ಒತ್ತಿದರೆ ‘ಪರಿಶೀಲನೆಯಲ್ಲಿದೆ’ ಎಂದು ಬರುತ್ತಿತ್ತು. ದಿನಾ ಬೆಳಗ್ಗೆ ಒತ್ತುತ್ತಿದ್ದೆ. ಖರೀದಿ ನಿಲ್ಲಿಸುವ ದಿನ ಬಂದರೂ ಅದು ಪರಿಶೀಲನೆಯಲ್ಲೇ ಇತ್ತು. ಹೇಳಿದ ಬೆಳೆ ಬೆಳೆದೆ, ಹೇಳಿದ ಹಾಗೆ ಬೆಳೆದೆ, ಕಾಳು ಮನೆಯಲ್ಲಿದೆ. ಇನ್ನು ಏನು ಪರಿಶೀಲನೆ ಮಾಡುತ್ತಾರೆ ಇವರು?

ಶಿವರಾತ್ರಿಗೆ ನಾಲ್ಕು ದಿನ ಇರುವಾಗ ಮಗ ಮಡಿ ಮಾಡಲು ಗುದ್ದಲಿ ತೆಗೆದ. ಮಾತಿನ ಪ್ರಕಾರ ಅವನದೇ ಸರಿ. ನಾನು ಜಗಲಿಯ ಮೇಲೆ ಕೂತಿದ್ದೆ.

ತವರಿಂದ ಬಂದ ಸೊಸೆಗೆ ನಡೆದದ್ದನ್ನೆಲ್ಲ ಹೇಳಿದ್ದೆ. ಅವತ್ತು ಮಗ ಗುದ್ದಲಿ ಹಿಡಿದು ಅತ್ತ ಹೋದದ್ದೇ ತಡ, ಮೊಳೆಗೆ ತೂಗಿದ್ದ ಬ್ಯಾರನ್ನಿನ ಬೀಗದ ಕೈ ತೆಗೆದುಕೊಂಡಳು. ಸಂಘದ ಆರು ಹೆಂಗಸರು ಹಿತ್ತಲ ಕಡೆಯಿಂದ ಬಂದರು. ಯಾವಾಗ ಮಾತಾಡಿಕೊಂಡಿದ್ದರೋ, ನನಗೂ ಹೇಳಿರಲಿಲ್ಲ. ಬ್ಯಾರನ್ ಗುಡಿಸಿ, ತಗಡಿನ ಕೊಳವೆಗಳನ್ನು ಕಳಚಿ ಹೊರಗೆ ಸಾಲಾಗಿ ಜೋಡಿಸಿದರು. ನೆಲಕ್ಕೆ ಹಲಗೆ ಹಾಕಿ, ಮಾರದೆ ಉಳಿದ ನಮ್ಮ ರಾಗಿಯ ಒಂದೊಂದೇ ಮೂಟೆ ಹೊತ್ತು ಒಳಗೆ ಪೇರಿಸಿದರು. ಬಾಗಿಲಿನವರೆಗೂ ರಾಗಿ.

ಮಗ ಸದ್ದು ಕೇಳಿ ಓಡಿ ಬಂದ.

“ಏನೇ ಇದು? ಬ್ಯಾರನ್ನಿಗೆ ಏನ್ ತುಂಬ್ತಿದ್ದೀರಿ?”

“ರಾಗಿ ಕಣ್ರೀ,” ಅಂದಳು ಸೊಸೆ. “ಎಷ್ಟ್ ವರ್ಸ ಇದ್ರೂ ಉಳ ಇಡಿಯಲ್ಲ. ಸರ್ಕಾರದೋರು ನಿಧಾನಕ್ಕೆ ಪರಿಶೀಲನೆ ಮಾಡ್ಕಳ್ಲಿ.”

“ಸೊಪ್ಪು ಎಲ್ಲಿ ಬೇಯಿಸ್ಲಿ ನಾನು?”

“ಬೇಯ್ಸೋದು ಆಮೇಲೆ. ಅಸಿ ಸೊಪ್ಪು ಯಾರ್ ಕಟ್ತಾರೆ?”

ಅವನು ಆರು ಹೆಂಗಸರ ಮುಖ ನೋಡಿದ. ಒಬ್ಬರೂ ಕಣ್ಣು ತಪ್ಪಿಸಲಿಲ್ಲ. ಆಮೇಲೆ ನನ್ನ ಕಡೆ ನೋಡಿದ. ನಾನು ಫೋನ್ ನೋಡುತ್ತಿರುವವಳ ಹಾಗೆ ತಲೆ ತಗ್ಗಿಸಿದೆ.

ಗುದ್ದಲಿ ಎರಡು ದಿನ ಅಂಗಳದಲ್ಲೇ ಬಿದ್ದಿತ್ತು. ಮಡಿಯ ಜಾಗದಲ್ಲಿ ಈಗ ಮೆಣಸಿನ ಸಸಿ ಎದ್ದಿದೆ. ಮಗ ನನ್ನ ಜೊತೆ ಮಾತಾಡುತ್ತಾನೆ. ಉಪ್ಪನ್ನು ನೇರವಾಗಿ ನನ್ನನ್ನೇ ಕೇಳುತ್ತಾನೆ. ಬ್ಯಾರನ್ನಿನ ಬೀಗದ ಕೈಯನ್ನೂ ಒಂದೆರಡು ಸಲ ಕೇಳಿದ. ಅದು ಸೊಸೆಯ ಸೊಂಟದಲ್ಲಿದೆ. ನನ್ನ ಹತ್ತಿರ ಇದ್ದಿದ್ದರೆ ಕೊಟ್ಟುಬಿಡುತ್ತಿದ್ದೆನೋ ಏನೋ, ಹೆತ್ತ ಮಗ. ಅದಕ್ಕೇ ಇರಬೇಕು, ಅವಳು ಅದನ್ನು ನನ್ನ ಕೈಗೂ ಕೊಟ್ಟಿಲ್ಲ.